ಗಿಣಿ ಉತ್ತರ ಕೊಡದ ಕಂಪನಿ

ಅಣ್ಣನ ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು ಎಂದು ಗೊತ್ತಾದಾಗ ನನಗೆ ಮೊದಲು ಹೊಳೆದದ್ದು, ಇನ್ನು ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಳ್ಳುವುದು ತಪ್ಪಿತಲ್ಲ ಎಂಬುದು. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅತ್ತೆ, ಅದು ಆ ಥರದ ಬ್ಯಾಂಕ್ ಅಲ್ಲ. ಅಲ್ಲಿ ದುಡ್ಡು ಕಟ್ಟೋ ಕೌಂಟರೇ ಇಲ್ಲ."

ಕೌಂಟರಿಲ್ಲದ ಮೇಲೆ ಅದೆಂಥ ಬ್ಯಾಂಕು? ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂತೆ. ಒಂದು ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳಬೇಕಾದಾಗ ಇವರು ನಡುವೆ ನಿಂತು ಬೆಲೆ ಕಟ್ಟಿ, ಎರಡೂ ಕಡೆಯವರನ್ನು ಕೂರಿಸಿ ಮಾತು ಕುದುರಿಸುತ್ತಾರಂತೆ.

"ಹಾಗಾದ್ರೆ ದಲ್ಲಾಳಿ ಅಂಗಡಿ ಅನ್ನು," ಎಂದೆ.

"ಹಾಗೇ ಅಂದ್ಕೋ. ಹೊರಗೆ ಯಾರ ಹತ್ರನೂ ಅನ್ಬೇಡ."

ಮನೆಯಲ್ಲಿ ನಾವು ಮೂವರೇ. ಅಣ್ಣ, ಮಗಳು, ನಾನು. ಅತ್ತಿಗೆ ತೀರಿಕೊಂಡಾಗ ಮಗು ಇನ್ನೂ ಸ್ಲೇಟು ಹಿಡಿಯುತ್ತಿತ್ತು. ಅಣ್ಣನಿಗೆ ಜಡೆ ಹಾಕಲು ಬರುತ್ತಿರಲಿಲ್ಲ, ಹಾಲು ಕಾಯಿಸಲು ಹೋದರೆ ಪಾತ್ರೆ ಸೀದು ಹೋಗುತ್ತಿತ್ತು. ನಾನು ನನ್ನ ಹೊಲಿಗೆ ಮೆಷಿನ್ ಹೊರಿಸಿಕೊಂಡು ಬಂದು ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟೆ. ನನ್ನ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ಆದರೂ ಗಿರಾಕಿಗಳು ಬರುತ್ತಾರೆ, ನಾನು ಹಾಕಿದ ಹೊಲಿಗೆ ಬಿಚ್ಚುವುದಿಲ್ಲ ಎಂಬುದೂ ಅಷ್ಟೇ ಗೊತ್ತಿರುವುದರಿಂದ.

ಮಗುವಿಗೆ ಗಿಣಿ ಎಂದು ಹೆಸರಿಟ್ಟವಳು ನಾನೇ. ಕಣ್ಣು ಬಿಟ್ಟರೆ ಮಾತು, ಕಣ್ಣು ಮುಚ್ಚಿದರೂ ಕನವರಿಕೆ. ಶಾಲೆಯಿಂದ ಬಂದು ಚೀಲ ಇಳಿಸುವಷ್ಟರಲ್ಲಿ ಇಡೀ ದಿನದ ವರದಿ ಒಪ್ಪಿಸಿಬಿಡುತ್ತಿದ್ದಳು. ಅಪ್ಪನ ಹತ್ತಿರವಂತೂ ಅವಳಿಗೆ ಮುಚ್ಚುಮರೆಯೇ ಇರಲಿಲ್ಲ. ಇದ್ದರೂ ಪ್ರಯೋಜನವಿರಲಿಲ್ಲ.

ಯಾಕೆಂದರೆ ಅಣ್ಣ ಜೀವಮಾನವೆಲ್ಲ ಒಂದೇ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದವನು. ಗಿರಾಕಿ "ಸರಿಯಾಗಿದೆ, ಕಟ್ಟಿ ಕೊಡಿ" ಎಂದರೂ ಅವನು ಒಪ್ಪುತ್ತಿರಲಿಲ್ಲ. "ಕಿರುಬೆರಳು ಕಚ್ತಾ ಇದೆ ಅಲ್ವಾ?" ಎಂದು ಇನ್ನೊಂದು ಜೋಡಿ ತೆಗೆಯುತ್ತಿದ್ದ. ಕಾಲು ನೋಡದೆ ಮುಖ ನೋಡಿಯೇ ಹೇಳುತ್ತಿದ್ದ. ಗಿಣಿ ಪರೀಕ್ಷೆ ಕೆಡಿಸಿಕೊಂಡು ಬಂದರೆ ಬಾಗಿಲಲ್ಲೇ ಹಿಡಿದುಬಿಡುತ್ತಿದ್ದ.

ಮಂಡಿ ಕೈಕೊಟ್ಟ ಮೇಲೆ ಅಣ್ಣ ಅಂಗಡಿ ಬಿಟ್ಟ. ಮನೆಯಲ್ಲಿ ಕೂತು ಶೇರಿನ ಹುಚ್ಚು ಹಿಡಿಸಿಕೊಂಡ. ಮನೆ ಮಾರುವ ಹುಚ್ಚಲ್ಲ, ಕೈಖರ್ಚಿನ ಹುಚ್ಚು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಪೇಪರ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಂಪನಿ ಕೇಳುವನು. "ಟೈರು?" "ರಬ್ಬರ್ ರೇಟು ಏರಿದೆ, ಬೇಡಪ್ಪ." "ಸಿಮೆಂಟು?" "ಈ ವರ್ಷ ಸುಮ್ನಿರು." ಗಿಣಿ ಕಾಲೇಜಿನಲ್ಲಿ ಅದೇ ಓದುತ್ತಿದ್ದಳಲ್ಲ, ಅವಳು ಪಟಪಟ ಉತ್ತರ ಕೊಡುವಳು, ಅವನು ಅಡ್ಡ ಪ್ರಶ್ನೆ ಹಾಕುವನು. ಅಪ್ಪ ಮಗಳ ಆ ಆಟದಲ್ಲಿ ನಾನು ಬಡಿಸಿದ್ದಕ್ಕೆ ಉಪ್ಪಿದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಣ್ಣ ಇಡೀ ವಾರ ಕಾಯುತ್ತಿದ್ದದ್ದು ಅದಕ್ಕೇ ಎಂದು ನನಗೂ ಗೊತ್ತಿತ್ತು.

ಆ ಬ್ಯಾಂಕಿಗೆ ಅರ್ಜಿ ಹಾಕಿದವರೆಲ್ಲ ದೊಡ್ಡ ದೊಡ್ಡ ಕಾಲೇಜಿನವರು. ಇವಳದು ಬಸ್ ಸ್ಟ್ಯಾಂಡಿನ ಹಿಂದಿನ ಕಾಲೇಜು. ಸಂದರ್ಶನಕ್ಕೆ ಹೋಗಿ ಬಂದವಳು ಗರ ಬಡಿದವಳಂತೆ ಕೂತಿದ್ದಳು. ಒಳಗೆ ಕೂತವರು ಇವಳ ಅಂಕಪಟ್ಟಿ ತೆರೆಯಲೇ ಇಲ್ಲವಂತೆ. ಎದುರಿನ ಗೋಡೆಯ ಬಣ್ಣ ತೋರಿಸಿ, ಈ ಊರಲ್ಲಿ ವರ್ಷಕ್ಕೆ ಎಷ್ಟು ಬಣ್ಣ ಖರ್ಚಾಗುತ್ತದೆ, ಲೆಕ್ಕ ಕಟ್ಟಿ ಹೇಳು ಎಂದರಂತೆ. ಇವಳು ಮನೆ, ಕೋಣೆ, ಗೋಡೆ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಾ ಹೋದಳಂತೆ. ಕೆಲಸ ಸಿಕ್ಕಿದ್ದು ನೋಡಿ ನಮಗೇ ನಂಬಿಕೆ ಬರಲಿಲ್ಲ. ನಾನು ಅವಳಿಗೆಂದು ಕಪ್ಪು ಕೋಟು ಹೊಲಿದೆ, ಒಳಗೆ ಅಸ್ತರಿ ಕೊಟ್ಟು, ಭುಜ ಎತ್ತಿ ನಿಲ್ಲುವ ಹಾಗೆ. ಅದನ್ನು ಹಾಕಿಕೊಂಡು ಹೊರಟಾಗ ಅಣ್ಣ ಬೀದಿಯ ಕೊನೆವರೆಗೂ ಹೋಗಿ ಬಿಟ್ಟು ಬಂದ.

ಆಮೇಲೆ ನೋಡಿ, ಆಘಾತದ ಮೇಲೆ ಆಘಾತ. ಇಷ್ಟು ಓದಿಸಿ ಕಳಿಸಿದರೆ ಅವಳಿಗೆ ಅಲ್ಲಿ ಕೊಟ್ಟ ಕೆಲಸ, ಸಾಲಿನ ಕೊನೆಯಲ್ಲಿ ಚುಕ್ಕಿ ಇದೆಯೇ ಇಲ್ಲವೇ ನೋಡುವುದು. ಸುಳ್ಳಲ್ಲ. ಕಂಪನಿಯವರಿಗೆ ತೋರಿಸುವ ದಪ್ಪ ದಪ್ಪ ವರದಿಗಳಲ್ಲಿ ಒಂದು ಸಾಲಿಗೆ ಚುಕ್ಕಿ ಇದ್ದು ಮುಂದಿನದಕ್ಕೆ ಇಲ್ಲದಿದ್ದರೆ ಇವಳ ಮೇಲಿನವನಿಗೆ ಮೈಮೇಲೆ ದೆವ್ವ ಬರುತ್ತಿತ್ತಂತೆ. ಅವನಿಗೆ ನಾವು ಮನೆಯಲ್ಲಿ ಚುಕ್ಕಿ ಸಾರ್ ಎಂದೇ ಹೆಸರಿಟ್ಟೆವು. ಕೈಯಾರೆ ಬರೆದ ಅಂಕಿ ನೀಲಿ ಬಣ್ಣದಲ್ಲಿರಬೇಕು, ಲೆಕ್ಕ ಹಾಕಿ ಬಂದದ್ದು ಕಪ್ಪಿನಲ್ಲಿರಬೇಕು. ಒಮ್ಮೆ ಒಂದು ನೀಲಿ ಅಂಕಿ ಕಪ್ಪಾಯಿತೆಂದು ಅವನು ಎಲ್ಲರೆದುರು ಇವಳಿಗೆ ಮಂಗಳಾರತಿ ಎತ್ತಿದನಂತೆ. ಕೇಳಿ ನನ್ನ ತಲೆ ಕೆಟ್ಟು ಹೋಯಿತು. ಅವನನ್ನು ನನ್ನ ಅಂಗಡಿಯಲ್ಲಿ ಒಂದು ದಿನ ಕೂರಿಸಿ ಗುಂಡಿ ತೂತು ಹೊಲಿಸಬೇಕು ಎಂದುಕೊಂಡೆ.

ಅಲ್ಲಿ ಯಾವ ಕಂಪನಿಯನ್ನೂ ಅದರ ಹೆಸರು ಹಿಡಿದು ಕರೆಯುವುದಿಲ್ಲ. ಗುಟ್ಟು ಹೊರಬೀಳಬಾರದೆಂದು ಹಕ್ಕಿಗಳ ಹೆಸರಿಡುತ್ತಾರೆ. ಫೋನಿನಲ್ಲಿ ಅವಳು "ಹದ್ದಿನವರು ಒಪ್ಪಿದ್ರೂ ಗುಬ್ಬಿಯವರು ಇನ್ನೂ ಬೆಲೆ ಹೇಳಿಲ್ಲ ಸರ್" ಎನ್ನುವುದನ್ನು ಕೇಳಿ ನನ್ನ ಗಿರಾಕಿಯೊಬ್ಬಳು, "ನಿಮ್ಮ ಹುಡುಗಿ ಹಕ್ಕಿ ವ್ಯಾಪಾರ ಮಾಡ್ತಾಳಾ?" ಎಂದು ಕೇಳಿದಳು. ಒಂದು ಭಾನುವಾರ ಊಟದ ನಡುವೆ ಫೋನು ಬಡಿದುಕೊಂಡಾಗ ನಾನೇ ಎತ್ತಿದೆ. "ಮಗು ಊಟ ಮಾಡ್ತಾ ಇದೆ, ಆಮೇಲೆ ಮಾಡಿ" ಎಂದು ಕುಕ್ಕಿಬಿಟ್ಟೆ. ಚುಕ್ಕಿ ಸಾರಂತೆ. ಗಿಣಿಯ ಮುಖ ಸುಣ್ಣ ಬಳಿದ ಹಾಗಾಯಿತು. ಅವಳು ಇನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಷ್ಟರಲ್ಲಿ ಒಂದು ಸಣ್ಣ ತಪ್ಪಾದರೂ ಮನೆಗೆ.

ಸೇರಿದ ವಾರವೇ ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. "ನಮ್ಮ ಕೈಯಲ್ಲಿರೋ ಕಂಪನಿಗಳ ಬಗ್ಗೆ ನಾನು ಮನೇಲೂ ಉಸಿರೆತ್ತೋ ಹಾಗಿಲ್ಲ. ಒಂದೇ ಮನೇಲಿರೋರು ಯಾರೇ ಶೇರು ತಗೊಂಡ್ರೂ, ಮಾರಿದ್ರೂ, ಮೊದಲು ನಾನು ಆಫೀಸಲ್ಲಿ ಒಪ್ಪಿಗೆ ತಗೋಬೇಕು. ತಪ್ಪಿದ್ರೆ ನನ್ನ ಕೆಲಸ ಹೋಗತ್ತೆ. ಆಮೇಲೆ ಬೇರೆ ಬ್ಯಾಂಕಿನವರೂ ಹತ್ರ ಸೇರಿಸಲ್ಲ. ಅಪ್ಪಾ, ನಿನ್ನ ಅಕೌಂಟ್ ಬಗ್ಗೆ ಬರೆದು ಕೊಟ್ಟಿದೀನಿ. ಅತ್ತೆ, ನಿನ್ನ ಹೆಸರಲ್ಲಿ ಏನಾದ್ರೂ ಇದೆಯಾ?"

"ನನಗ್ಯಾಕೆ ಆ ಪೀಡೆ? ನನ್ನದೇನಿದ್ರೂ ಸೂಜಿ ದಾರ," ಎಂದೆ.

ಅಣ್ಣ ತಲೆ ಬಗ್ಗಿಸಿ ಕನ್ನಡಕ ಒರೆಸುತ್ತಿದ್ದ.

ಭಾನುವಾರದ ಆಟ ಮಾತ್ರ ನಿಲ್ಲಲಿಲ್ಲ. ವಾರವಿಡೀ ಮುಖ ಕಾಣದ ಮಗಳು ಆ ಒಂದು ಊಟಕ್ಕೆ ಸಿಗುತ್ತಿದ್ದಳು. ನಿದ್ದೆಗಣ್ಣಿನಲ್ಲೇ ಅವಳು ಅಪ್ಪನ ಟೈರು, ಸಿಮೆಂಟುಗಳಿಗೆ ಉತ್ತರ ಕೊಡುತ್ತಿದ್ದಳು. ಒಂದು ಭಾನುವಾರ ಅಣ್ಣ ಎಂದಿನಂತೆ ಕೇಳುತ್ತಾ, "ಪೇಂಟ್ ಕಂಪನಿ ಹೇಗಮ್ಮ?" ಎಂದ. ಗಿಣಿಯ ಕೈಯಲ್ಲಿದ್ದ ಚಮಚ ತಟ್ಟೆಯ ಅಂಚಿಗೆ ತಗುಲಿತು. ನೀರು ತರುತ್ತೇನೆಂದು ಎದ್ದು ಹೋದಳು. ಮೇಜಿನ ಮೇಲೆ ನೀರಿನ ಜಗ್ಗು ತುಂಬಿಯೇ ಇತ್ತು. ನಿದ್ದೆಗೆಟ್ಟ ತಲೆ, ಎಚ್ಚರ ಎಲ್ಲಿರುತ್ತದೆ ಎಂದುಕೊಂಡು ನಾನು ಸುಮ್ಮನಾದೆ.

ಅದಾದ ಕೆಲವು ವಾರಕ್ಕೆ ಟಿವಿಯಲ್ಲಿ ದೊಡ್ಡ ಸುದ್ದಿ ಬಂತು. ಆ ಪೇಂಟ್ ಕಂಪನಿಯನ್ನು ಅದಕ್ಕಿಂತ ದೊಡ್ಡ ಇನ್ನೊಂದು ಕಂಪನಿ ಕೊಂಡುಕೊಳ್ಳುತ್ತದಂತೆ, ಶೇರು ಆಕಾಶಕ್ಕೆ ಹಾರಿತಂತೆ. ನಡುವೆ ನಿಂತು ಕುದುರಿಸಿದ್ದು ಗಿಣಿಯ ಬ್ಯಾಂಕೇ ಅಂತೆ. ಅವಳು ಹೇಳುತ್ತಿದ್ದ ಗುಬ್ಬಿ ಇದೇ ಎಂದು ನನಗೆ ಆಗ ತಿಳಿಯಿತು. ಅಣ್ಣ ಆ ದಿನವೆಲ್ಲ ಹುಡುಗನ ಹಾಗೆ ಸಿಳ್ಳೆ ಹಾಕಿಕೊಂಡು ಓಡಾಡಿದ. ಮಗಳ ಕೆಲಸ ಗೆದ್ದಿತೆಂಬ ಖುಷಿ ಇರಬೇಕು ಎಂದು ನನಗೂ ಖುಷಿಯಾಯಿತು.

ಕೆಲವೇ ದಿನಕ್ಕೆ ನನ್ನ ಅಂಗಡಿಗೆ ಫೋನು ಬಂತು. ಬ್ಯಾಂಕಿನಿಂದಂತೆ. ನಯವಾದ ಹೆಣ್ಣಿನ ಧ್ವನಿ. "ಪೇಂಟ್ ಕಂಪನಿಯ ಶೇರು ಕೊಂಡವರ ಪಟ್ಟಿಯಲ್ಲಿ ನಿಮ್ಮ ಹೆಸರು, ವಿಳಾಸ ಇದೆ, ಅದರ ಬಗ್ಗೆ ಮಾತಾಡಬೇಕಿತ್ತು," ಎಂದಳು. ಇಂಥ ಮೋಸದ ಫೋನುಗಳ ಬಗ್ಗೆ ನಾನು ಕೇಳದವಳೇ? ಕತ್ತರಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಅವಳ ಏಳು ತಲೆಮಾರನ್ನು ಎತ್ತಿ ಆಡಿದೆ. ನಿನ್ನಂಥವರಿಗೆ ಮಾನ ಮರ್ಯಾದೆ ಇಲ್ಲವಾ, ಹೊಟ್ಟೆಗೆ ಏನು ತಿನ್ನುತ್ತೀಯಾ ಎಂದೆಲ್ಲ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು "ಧನ್ಯವಾದ" ಎಂದು ಇಟ್ಟಳು.

ಆ ಮಧ್ಯಾಹ್ನ ಗಿಣಿ ಮನೆಗೆ ಬಂದಳು. ಕೆಲಸದ ದಿನ, ಹಾಡಹಗಲು. ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ಬಿಸಿಲಿನಲ್ಲಿ ನೋಡಿದ್ದೇ ಇಲ್ಲ. ಭುಜಕ್ಕೆ ಲ್ಯಾಪ್‌ಟಾಪ್ ಚೀಲವಿಲ್ಲ, ಕೊರಳಲ್ಲಿ ಪಾಸಿಲ್ಲ. ಎರಡನ್ನೂ ಇಸಿದುಕೊಂಡಿದ್ದರು.

"ಅತ್ತೆ, ಶೇರು ಅಕೌಂಟ್ ಇಲ್ಲ ಅಂತ ನೀನು ಹೇಳಿದ್ದೆ."

"ಇಲ್ವೇ ಇಲ್ಲ ಕಣೇ, ನಿನ್ನಾಣೆ."

ಅವಳು ಒಳಗೆ ಅಪ್ಪನ ಕಡೆ ನೋಡಿದಳು. ಅಣ್ಣ ಕುರ್ಚಿಯಿಂದ ಏಳಲು ಹೋಗಿ ಹಾಗೇ ಕೂತ. ಅವನೇನೋ ಹೇಳಲು ಬಾಯಿ ತೆರೆದನು, ಇವಳು ಕೈ ಅಡ್ಡ ಹಿಡಿದಳು.

"ನನಗೇನೂ ಹೇಳ್ಬೇಡ ಅಪ್ಪಾ. ತನಿಖೆ ಮುಗಿಯೋವರೆಗೂ ನಾನು ಇದರ ಬಗ್ಗೆ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ನಾಳೆ ನೀವಿಬ್ಬರೂ ಆಫೀಸಿಗೆ ಬರಬೇಕಂತೆ." ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಅಣ್ಣನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಆಗ ಬಂತು ಹೊರಗೆ. ಬಹಳ ಹಿಂದೆ ಹೊಸ ಕಂಪನಿಗಳ ಶೇರಿಗೆ ಅರ್ಜಿ ಹಾಕುವಾಗ, ಒಂದರ ಬದಲು ಎರಡು ಹೆಸರಿದ್ದರೆ ಸಿಗುವುದು ಸುಲಭ ಎಂದು ಅವನು ನನ್ನ ಹೆಸರಿನಲ್ಲೊಂದು ಅಕೌಂಟ್ ತೆರೆದಿದ್ದ. ನಾನು ಯಾರದೋ ಅಳತೆ ತೆಗೆಯುತ್ತಾ, ಅವನು ಚಾಚಿದ ಕಡೆಯೆಲ್ಲ ರುಜು ಹಾಕಿದ್ದೆನಂತೆ. ಅದರಲ್ಲೇ ಈಗ ಪೇಂಟ್ ಕಂಪನಿಯ ಶೇರು ಕೊಂಡಿದ್ದ.

"ನನ್ನ ಅಕೌಂಟಿಂದ ತಗೊಂಡ್ರೆ ಅವಳಿಗೆ ತೊಂದರೆ ಅಂತ ನಿಂದ್ರಲ್ಲಿ ತಗೊಂಡೆ ಕಣೇ."

ಬೆಪ್ಪು ಎಂದರೆ ಇವನಲ್ಲವೇ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ಹೇಳಿದ, "ಆದ್ರೆ ಅವಳು ನನಗೆ ಏನೂ ಹೇಳ್ಲಿಲ್ಲ. ಅದು ನಿಜ ತಾನೆ? ಅದನ್ನ ನಾನು ಅಲ್ಲಿ ತೋರಿಸಿಕೊಡ್ತೀನಿ. ಅವಳ ಕೆಲಸಕ್ಕೆ ಏನೂ ಆಗಲ್ಲ, ನೋಡ್ತಿರು."

ಮರುದಿನ ಬೆಳಿಗ್ಗೆ ಹೋದೆವು. ಗಾಜಿನ ಕೋಣೆ, ಉದ್ದ ಮೇಜು, ಮೇಜಿನ ಮೇಲೆ ಮಾತು ಹಿಡಿದಿಡುವ ಪುಟ್ಟ ಯಂತ್ರ. ಒಂದು ಬದಿಗೆ ತನಿಖೆ ಮಾಡುವ ಮೇಡಂ. ಬಾಯಿ ತೆರೆದಾಗ ಗೊತ್ತಾಯಿತು, ಫೋನಿನಲ್ಲಿ ನನ್ನಿಂದ ಬೈಸಿಕೊಂಡವಳೇ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವಳ ಪಕ್ಕದಲ್ಲಿ ಚುಕ್ಕಿ ಸಾರ್. ನಾನು ರಾಕ್ಷಸನನ್ನು ಊಹಿಸಿದ್ದೆ, ನೋಡಿದರೆ ಕಣ್ಣ ಕೆಳಗೆ ಕಪ್ಪು ಕಟ್ಟಿದ, ಸೊರಗಿದ ಹುಡುಗ. ಎದುರು ಬದಿಗೆ ಗಿಣಿ, ನಾನು ಹೊಲಿದ ಕೋಟಿನಲ್ಲಿ. ನಮ್ಮ ಕಡೆ ತಿರುಗಲಿಲ್ಲ.

"ನಿಮ್ಮ ಮಗಳು ಈ ಕಂಪನಿ ಬಗ್ಗೆ ನಿಮಗೆ ಏನಾದ್ರೂ ಹೇಳಿದ್ರಾ?" ಮೇಡಂ ಅಣ್ಣನನ್ನು ಕೇಳಿದಳು.

"ಒಂದಕ್ಷರ ಹೇಳಿಲ್ಲ ಮೇಡಂ."

"ಮತ್ತೆ ಅದೇ ಶೇರನ್ನ ಯಾಕೆ ತಗೊಂಡ್ರಿ?"

ಅಣ್ಣ ನೆಟ್ಟಗೆ ಕೂತ. ಇದೇ ಪ್ರಶ್ನೆಗೆ ಕಾಯುತ್ತಿದ್ದವನ ಹಾಗೆ. "ಅವಳು ಹೇಳ್ಲಿಲ್ಲ ಅಂತಾನೇ ತಗೊಂಡೆ. ಭಾನುವಾರ ನಾನು ಒಂದೊಂದೇ ಕಂಪನಿ ಕೇಳ್ತೀನಿ, ಅವಳು ಹೇಳ್ತಾಳೆ. ಚಿಕ್ಕಂದಿನಿಂದ ನನ್ನ ಹತ್ರ ಏನೂ ಮುಚ್ಚಿಟ್ಟೋಳಲ್ಲ. ಟೈರು ಅಂದೆ, ಹೇಳಿದ್ಲು. ಸಿಮೆಂಟು ಅಂದೆ, ಹೇಳಿದ್ಲು. ಪೇಂಟು ಅಂದೆ, ನೀರು ತರೋಕೆ ಎದ್ದು ಹೋದ್ಲು. ಜಗ್ ತುಂಬಾ ನೀರಿತ್ತು ಮೇಡಂ. ಮುಂದಿನ ವಾರ ಬೇಕಂತಲೇ ಮತ್ತೆ ಕೇಳಿದೆ, ತಲೆ ಎತ್ತಲಿಲ್ಲ. ಆಗ ಗೊತ್ತಾಯ್ತು, ಇದು ಇವರ ಕೈಯಲ್ಲಿರೋ ಕಂಪನಿ ಅಂತ. ಎಂಥಾ ನಿಯತ್ತು ನೋಡಿ. ಹೆತ್ತಪ್ಪನಿಗೂ ಬಾಯಿ ಬಿಡ್ಲಿಲ್ಲ."

ಹೇಳಿ ಮುಗಿಸಿ ಸುತ್ತ ನೋಡಿದ, ಯಾರಾದರೂ ಭೇಷ್ ಎನ್ನುತ್ತಾರೋ ಎಂದು. ಚುಕ್ಕಿ ಸಾರ್ ಕಣ್ಣು ಮುಚ್ಚಿಕೊಂಡಿದ್ದ. ಮೇಡಂ ಬರೆಯುವುದನ್ನು ನಿಲ್ಲಿಸಿದ್ದಳು.

"ಅಂದ್ರೆ ವಿಷಯ ನಿಮಗೆ ಅವರಿಂದಲೇ ಗೊತ್ತಾಯ್ತು."

"ಅಯ್ಯೋ, ಅವಳು ಹೇಳ್ಲೇ ಇಲ್ವಲ್ಲ ಮೇಡಂ."

"ಬಾಯಲ್ಲಿ ಹೇಳ್ಲಿಲ್ಲ. ಆದ್ರೆ ತಿಳಿಸಿದ್ರು. ನಮಗೆ ಎರಡೂ ಒಂದೇ."

ಆಗ ನನಗೆ ಹೊಳೆಯಿತು. ಗಿಣಿ ಎಲ್ಲ ಕಂಪನಿಗೂ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಪೇಂಟಿಗೂ ಏನೋ ಒಂದು ಒದರಿದ್ದರೂ ಆಗುತ್ತಿರಲಿಲ್ಲ. ನಿಯಮ ಮುರಿಯಬಾರದು, ಅಪ್ಪನ ಆಟ ಕೆಡಿಸಬಾರದು, ಅಪ್ಪನಿಗೆ ಸುಳ್ಳೂ ಹೇಳಬಾರದು ಎಂದು ಆ ಒಂದಕ್ಕೆ ಮಾತ್ರ ಸುಮ್ಮನಾಗಿದ್ದಳು ಹುಚ್ಚು ಹುಡುಗಿ. ಮಗಳನ್ನು ಉಳಿಸಲು ಬಂದ ಅಪ್ಪ ಅದನ್ನೇ ತೆಗೆದು ಮೇಜಿನ ಮೇಲಿಟ್ಟಿದ್ದ. ಎದ್ದು ಕೂಗಾಡೋಣ ಎನ್ನಿಸಿತು. ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ.

ಚುಕ್ಕಿ ಸಾರ್ ಕಣ್ಣು ತೆರೆದು ಗಿಣಿಯ ಕಡೆ ಬಾಗಿದ. "ಭಾನುವಾರ ಅಂದ್ರೆ ನಮ್ಮವರಿಗೆ ಎಚ್ಚರ ಇರೋದೇ ಕಷ್ಟ. ನೀವು ಆಗ ಬೇರೇನೋ ಯೋಚನೆಯಲ್ಲಿ ಇದ್ದಿರಬಹುದು ಅಲ್ವಾ?" ಎಂದು ನಿಧಾನವಾಗಿ ಕೇಳಿದ. ದಾರಿ ತೋರಿಸುತ್ತಿದ್ದಾನೆ ಎಂದು ನನ್ನಂಥವಳಿಗೂ ಗೊತ್ತಾಯಿತು.

ಗಿಣಿ ಆಗ ತಿರುಗಿ ಅಪ್ಪನ ಮುಖವನ್ನೇ ನೋಡಿದಳು.

"ನಾನು ಕೇಳಿಸ್ಕೊಂಡೇ ಇಲ್ಲ," ಎಂದಳು. "ಪೇಂಟ್ ಕಂಪನಿ ಅಂತ ಅವರು ಕೇಳಿದ್ದೇ ನನಗೆ ಗೊತ್ತಿಲ್ಲ. ಊಟದ ಹೊತ್ತಲ್ಲಿ ಅವರು ಯಾವಾಗ್ಲೂ ಏನಾದ್ರೂ ಓದ್ತಾ ಇರ್ತಾರೆ. ಬಾಯಿಗೆ ಬಂದಿದ್ದು ಹೇಳ್ತೀನಿ, ಇಲ್ಲ ಅಂದ್ರೆ ಎದ್ದು ಹೋಗ್ತೀನಿ. ಕಿವಿಗೆ ಹಾಕ್ಕೊಳ್ಳೋದು ಬಿಟ್ಟು ಎಷ್ಟೋ ಕಾಲ ಆಯ್ತು. ಅವರಿಗೆ ವಯಸ್ಸಾಯ್ತು ಮೇಡಂ. ಏನೂ ಇಲ್ಲದ ಕಡೆ ಏನೋ ಕಾಣತ್ತೆ ಅವರಿಗೆ."

ಅವರು. ಅಪ್ಪನನ್ನು ಅವಳು ಹಾಗೆ ಕರೆದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಧ್ವನಿ ನಡುಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ.

ಮೇಡಂ ನನ್ನ ಕಡೆ ತಿರುಗಿದಳು. "ನೀವೂ ಅಲ್ಲೇ ಇದ್ರಿ. ನಿಮ್ಮ ಅಣ್ಣನ ಮಗಳು ಕೇಳಿಸ್ಕೊಂಡ ಹಾಗಿತ್ತಾ?"

ಬೀದಿಗೆಲ್ಲ ಹೆದರಿಕೆ ಹುಟ್ಟಿಸಿದ ನನ್ನ ಬಾಯಿ ಒಣಗಿತ್ತು. "ನಾನು ತಟ್ಟೆ ನೋಡ್ಕೊಂಡು ಊಟ ಮಾಡೋಳು ಮೇಡಂ," ಎಂದೆ.

ನಮ್ಮನ್ನು ಹೊರಗೆ ಕೂರಿಸಿದರು. ಬಹಳ ಹೊತ್ತಾದ ಮೇಲೆ ಚುಕ್ಕಿ ಸಾರ್ ಬಂದ. ನನ್ನ ಹೆಸರಿನ ಅಕೌಂಟ್ ಮುಚ್ಚಬೇಕು, ಬಂದ ಲಾಭ ಪೂರ್ತಿ ಒಪ್ಪಿಸಬೇಕು, ಗಿಣಿಗೆ ಲಿಖಿತ ಎಚ್ಚರಿಕೆ ಕೊಡುತ್ತಾರೆ. ಕೆಲಸ ಉಳಿಯಿತು. "ನಿಮ್ಮ ಮಗಳು ಚೆನ್ನಾಗಿ ಉತ್ತರ ಕೊಟ್ರು," ಎಂದ. ಅಷ್ಟರಲ್ಲಿ ಗಿಣಿಯೂ ಹೊರಗೆ ಬಂದಳು. ಪಾಸು ಆಗಲೇ ಕೊರಳಿಗೆ ಬಂದಿತ್ತು. "ಹುಷಾರಾಗಿ ಹೋಗಿ," ಎಂದು ಹೇಳಿ ಅವನ ಹಿಂದೆಯೇ ನಡೆದಳು. ಯಾವುದೋ ವರದಿ ಮಧ್ಯಾಹ್ನದೊಳಗೆ ಹೋಗಬೇಕಿತ್ತಂತೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಅಣ್ಣ ಮಂಡಿ ನೀವಿಕೊಳ್ಳುತ್ತಿದ್ದ. ನೀವಿಕೊಳ್ಳುತ್ತಲೇ ಕೇಳಿದ.

"ಅವಳು ನಿಜವಾಗ್ಲೂ ಕೇಳಿಸ್ಕೋತಿರ್ಲಿಲ್ವೇನೇ? ಪ್ರತಿ ವಾರ ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಿದ್ಲಾ ನನಗೆ?"

ಅವನ ಮುಖ ನೋಡಲಾಗಲಿಲ್ಲ. "ಹುಚ್ಚಾ ನಿನಗೆ? ಕೇಳಿಸ್ಕೊಂಡಿದ್ಲು ಅಣ್ಣ. ಚಮಚ ತಟ್ಟೆಗೆ ತಗುಲಿದ್ದು ನಾನೇ ಕಣ್ಣಾರೆ ನೋಡಿದೀನಿ. ನೀನು ಒಳಗೆ ಹೇಳಿದ್ದೆಲ್ಲ ಸತ್ಯ. ಅವಳು ಹೇಳಿದ್ದೇ ಸುಳ್ಳು," ಎಂದೆ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ ನಾನು.

"ನನ್ನ ಮುಖ ನೋಡ್ಕೊಂಡು ಹೇಳಿದ್ಲಲ್ಲೇ."

"ಕೆಲಸ ಉಳಿಸ್ಕೋಬೇಕಿತ್ತಲ್ಲ, ಪಾಪ."

"ಅದಕ್ಕೆ ಬೇಜಾರಿಲ್ಲ. ಉಳೀಲಿ. ಆದ್ರೆ ನನಗೆ ಒಂಚೂರೂ ಗೊತ್ತಾಗ್ಲಿಲ್ಲ ಕಣೇ. ನಾನು ನಂಬಿಬಿಟ್ಟಿದ್ದೆ."

ನಮ್ಮ ಬಸ್ಸು ಬಂದು ನಿಂತು, ಜನ ಹತ್ತಿ ಇಳಿದು, ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.

"ಕೆಲಸ ಕಲಿತುಬಿಟ್ಲು ನಮ್ಮ ಗಿಣಿ," ಎಂದ ಅಣ್ಣ.